ಪೋಲರೈಸರ್ ಹಾಕಿದರೂ ಆಕಾಶ ಬಿಳಿಯಾಗಿಯೇ ಬಂತಾ? ಫಿಲ್ಮ್ ಕ್ಯಾಮೆರಾದವರಿಗೆ ದೋಷ ಹುಡುಕುವ ಕೈಪಿಡಿ

ಮುಂಬೈ, ಪುಣೆ, ಗೋವಾ ಕಡೆಯ ನಮ್ಮ ಕನ್ನಡದವರಲ್ಲಿ ಫಿಲ್ಮ್ ಕ್ಯಾಮೆರಾ ಹಿಡಿಯುವವರು ಈಗ ಜಾಸ್ತಿಯಾಗಿದ್ದಾರೆ. ಕೆಲವರಿಗೆ ಅಪ್ಪ ಬೀರುವಿನಲ್ಲಿ ಇಟ್ಟಿದ್ದ ಯಾಶಿಕಾ ಸಿಕ್ಕಿದೆ. ಕೆಲವರು ಫೋರ್ಟ್‌ನ ಬೋರಾ ಬಜಾರ್ ಸುತ್ತಿ ಪೆಂಟಾಕ್ಸ್ ಕೆ1000 ತಂದಿದ್ದಾರೆ. ಒಂದಷ್ಟು ರೋಲ್ ಮುಗಿದ ಮೇಲೆ ಎಲ್ಲರೂ ಒಂದು ಪೋಲರೈಸರ್ ಕೊಳ್ಳುತ್ತಾರೆ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ, 'ಪೋಲರೈಸ್' ಆದ ಬೆಳಕನ್ನು ತಡೆಯಲು ಲೆನ್ಸ್ ಮುಂದೆ ಹಾಕಿ ತಿರುಗಿಸುವ ಫಿಲ್ಟರ್. ಆಮೇಲೆ ದೂರು ಶುರು. ಆಕಾಶ ನೀಲಿ ಬರಲಿಲ್ಲ. ಅರ್ಧ ನೀಲಿ, ಅರ್ಧ ಬಿಳಿ ಬಂತು. ನೀರಿನ ಹೊಳಪು ಹೋಗಲೇ ಇಲ್ಲ. ಮೂಲೆಗಳು ಕತ್ತಲೆ. ಪೂರ್ತಿ ರೋಲ್ ಮಂಕು.

ಡಿಜಿಟಲ್‌ನಲ್ಲಾದರೆ ಹಿಂದಿನ ಪರದೆ ನೋಡಿ ಅಲ್ಲೇ ತಿದ್ದಿಕೊಳ್ಳಬಹುದು. ಫಿಲ್ಮ್‌ನಲ್ಲಿ ಎಡವಟ್ಟು ಗೊತ್ತಾಗುವುದು ರೋಲ್ ತೊಳೆದು ಬಂದ ಮೇಲೆ. ಅಷ್ಟರಲ್ಲಿ ಆ ದಿನ ಬಿಸಿಲು ಯಾವ ಕಡೆಯಿಂದ ಬೀಳುತ್ತಿತ್ತು, ಫಿಲ್ಟರ್ ಎಷ್ಟು ತಿರುಗಿಸಿದ್ದೆವು ಎಲ್ಲ ಮರೆತೇ ಹೋಗಿರುತ್ತದೆ. ಕೈಯಲ್ಲಿ ಉಳಿದಿರುವುದು ಫಿಲ್ಟರ್ ಒಂದೇ. ಹಾಗಾಗಿ ತಪ್ಪೆಲ್ಲ ಅದರ ತಲೆಗೆ ಬೀಳುತ್ತದೆ. ಆದರೆ ನಾನು ನೋಡಿದ ಮಟ್ಟಿಗೆ ನಿಜವಾಗಿಯೂ ಕೆಟ್ಟ ಪೋಲರೈಸರ್ ಅಪರೂಪ. ದೋಷ ಹೆಚ್ಚಾಗಿ ಇರುವುದು ಲ್ಯಾಬ್‌ನ ಸ್ಕ್ಯಾನ್‌ನಲ್ಲಿ, ನಾವು ನಿಂತ ದಿಕ್ಕಿನಲ್ಲಿ, ಇಲ್ಲವೇ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್‌ನಲ್ಲಿ. ಎಲ್ಲಿ ಅಂತ ಪತ್ತೆ ಮಾಡದೆ ಹೊಸ ಫಿಲ್ಟರ್ ಕೊಂಡರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಮೊದಲು ನೆಗೆಟಿವ್ ನೋಡಿ

ಸ್ಕ್ಯಾನ್ ನೋಡಿ ತೀರ್ಮಾನಕ್ಕೆ ಬರಬೇಡಿ. ಲ್ಯಾಬ್‌ನ ಸ್ಕ್ಯಾನರ್ ಪ್ರತಿ ಫ್ರೇಮಿನ ಬೆಳಕು, ಬಣ್ಣವನ್ನು ತನ್ನಷ್ಟಕ್ಕೆ ಸರಿಮಾಡಿಬಿಡುತ್ತದೆ. ನೀವು ಕಷ್ಟಪಟ್ಟು ಗಾಢ ಮಾಡಿದ ಆಕಾಶ ಅದಕ್ಕೆ 'ಕತ್ತಲೆ ಜಾಸ್ತಿ' ಅಂತ ಕಾಣುತ್ತದೆ. ಎತ್ತಿ ತೆಳು ಮಾಡುತ್ತದೆ. ಪೋಲರೈಸರ್ ಹಾಕಿದ್ದು, ಹಾಕದ್ದು ಎರಡೂ ಒಂದೇ ತರಹ ಕಾಣುವುದು ಇದರಿಂದ.

ಡೊಂಬಿವಲಿಯ ನಮ್ಮ ಹುಡುಗನೊಬ್ಬ ಹೀಗೇ ಬಂದಿದ್ದ. "ಅಣ್ಣಾ, ಈ ಫಿಲ್ಟರ್ ಡೂಪ್ಲಿಕೇಟ್ ಇರಬೇಕು ನೋಡಿ. ನರಿಮನ್ ಪಾಯಿಂಟ್‌ನಲ್ಲಿ ತೆಗೆದಿದ್ದು. ಹಾಕಿ ಒಂದು, ಹಾಕದೆ ಒಂದು. ಏನೂ ವ್ಯತ್ಯಾಸ ಇಲ್ಲ" ಅಂದ. ಮೊಬೈಲ್‌ನಲ್ಲಿ ನೋಡಿದರೆ ಅವನು ಹೇಳಿದ್ದು ನಿಜ, ಎರಡೂ ಒಂದೇ. "ನೆಗೆಟಿವ್ ತಂದಿದ್ದೀಯೇನಪ್ಪಾ?" ಅಂತ ಕೇಳಿದೆ. ಬ್ಯಾಗಿನಲ್ಲೇ ಇತ್ತು. ಲ್ಯಾಪ್‌ಟಾಪ್‌ನಲ್ಲಿ ಖಾಲಿ ಬಿಳಿ ಪುಟ ತೆರೆದು, ಪಟ್ಟಿಯನ್ನು ಅದರ ಮುಂದೆ ಹಿಡಿದೆವು. ಫಿಲ್ಟರ್ ಹಾಕದ ಫ್ರೇಮಿನ ಆಕಾಶ ದಟ್ಟ ಕಂದು. ಪಕ್ಕದ, ಫಿಲ್ಟರ್ ಹಾಕಿದ ಫ್ರೇಮಿನ ಆಕಾಶ ಎಷ್ಟು ತೆಳುವಾಗಿತ್ತೆಂದರೆ ಫಿಲ್ಮ್‌ನ ಕಿತ್ತಳೆ ಬಣ್ಣ ಅದರ ಹಿಂದಿನಿಂದ ಇಣುಕುತ್ತಿತ್ತು. ಎರಡರಲ್ಲೂ ಕಟ್ಟಡಗಳು ಹೆಚ್ಚು ಕಡಿಮೆ ಒಂದೇ ದಪ್ಪ. ಅಂದರೆ ಫಿಲ್ಟರ್ ತನ್ನ ಕೆಲಸ ಚೆನ್ನಾಗಿಯೇ ಮಾಡಿದೆ. ಸ್ಕ್ಯಾನರ್ ಅದನ್ನು ಅಳಿಸಿದೆ.

ನೆಗೆಟಿವ್‌ನಲ್ಲಿ ಎಲ್ಲ ಉಲ್ಟಾ ಅನ್ನುವುದು ನೆನಪಿರಲಿ. ಬೆಳಕು ಜಾಸ್ತಿ ಬಿದ್ದ ಕಡೆ ದಟ್ಟ, ಕಮ್ಮಿ ಬಿದ್ದ ಕಡೆ ತೆಳು. ಪೋಲರೈಸರ್ ಕೆಲಸ ಮಾಡಿದ್ದರೆ ನೆಲ, ಕಟ್ಟಡಕ್ಕೆ ಹೋಲಿಸಿದಾಗ ಆಕಾಶ ಮೊದಲಿಗಿಂತ ತೆಳುವಾಗಿರಬೇಕು. ಹಾಗಿದ್ದರೆ ಲ್ಯಾಬ್‌ನವರಿಗೆ "ಆಟೋ ಕರೆಕ್ಷನ್ ಬೇಡ, ಫ್ಲ್ಯಾಟ್ ಆಗಿ ಸ್ಕ್ಯಾನ್ ಮಾಡಿ ಕೊಡಿ" ಅಂತ ಹೇಳಿ. ಒಳ್ಳೆಯ ಲ್ಯಾಬ್‌ನವರು ಮಾಡಿಕೊಡುತ್ತಾರೆ. ಎಕ್ಟಾಕ್ರೋಮ್ ಇ100ನಂಥ ಸ್ಲೈಡ್ ಫಿಲ್ಮ್‌ನಲ್ಲಿ ಈ ಗೊಂದಲವೇ ಇಲ್ಲ. ಸ್ಲೈಡ್ ಎತ್ತಿ ಬೆಳಕಿಗೆ ಹಿಡಿದರೆ ಆಕಾಶ ಹೇಗಿದೆಯೋ ಹಾಗೇ ಕಾಣುತ್ತದೆ.

ಇಲ್ಲೇ ಒಂದು ಅಭ್ಯಾಸ ಹೇಳಿಬಿಡುತ್ತೇನೆ. ಹೊಸ ಫಿಲ್ಟರ್ ಪರೀಕ್ಷೆ ಮಾಡುವಾಗ ಹಾಕಿ ಒಂದು, ತೆಗೆದು ಒಂದು ಅಂತ ಹೊಡೆಯಬೇಡಿ. ಎರಡೂ ಸಲ ಹಾಕಿಯೇ ಹೊಡೆಯಿರಿ. ಒಮ್ಮೆ ಆಕಾಶ ಹೆಚ್ಚು ಗಾಢ ಕಾಣುವ ಕಡೆಗೆ ತಿರುಗಿಸಿ, ಇನ್ನೊಮ್ಮೆ ಅಲ್ಲಿಂದ ಕಾಲು ಸುತ್ತು ತಿರುಗಿಸಿ. ಶಟರ್, ಅಪರ್ಚರ್ ಮುಟ್ಟಬೇಡಿ. ಆಗ ಎರಡು ಫ್ರೇಮ್‌ಗಳ ನಡುವಿನ ವ್ಯತ್ಯಾಸಕ್ಕೆ ಪೋಲರೈಸೇಶನ್ ಬಿಟ್ಟರೆ ಬೇರೆ ಕಾರಣವೇ ಇರುವುದಿಲ್ಲ.

ಗಾಜು ಸರಿಯಿದೆಯಾ? ಒಂದು ನಿಮಿಷದ ಪರೀಕ್ಷೆ

ಹಳೇ ಸಾಮಾನಿನ ಅಂಗಡಿಯಲ್ಲಿ ಡಬ್ಬಿ ಇಲ್ಲದೆ ಸಿಕ್ಕ ಬೂದು ಗಾಜು ಪೋಲರೈಸರೇ ಆಗಿರಬೇಕು ಅಂತೇನಿಲ್ಲ. ಎನ್‌ಡಿ ಫಿಲ್ಟರ್ ಕೂಡ ಹಾಗೇ ಬೂದು ಬೂದಾಗಿ ಕಾಣುತ್ತದೆ. ಅದು ಬೆಳಕನ್ನು ಸುಮ್ನೆ ಕಮ್ಮಿ ಮಾಡುತ್ತದೆ, ಅಷ್ಟೇ.

ಮನೆಯಲ್ಲಿರುವ ಕ್ಯಾಲ್ಕುಲೇಟರ್ ಅಥವಾ ಡಿಜಿಟಲ್ ಕೈಗಡಿಯಾರ ತಗೊಳ್ಳಿ. ಅದರ ಪರದೆಯಿಂದ ಬರುವ ಬೆಳಕು ಆಗಲೇ ಪೋಲರೈಸ್ ಆಗಿರುತ್ತದೆ. ಫಿಲ್ಟರ್‌ನ ಮುಂಭಾಗ ಪರದೆಯ ಕಡೆಗಿರಲಿ, ಲೆನ್ಸ್‌ಗೆ ಕೂರುವ ಚೂಡಿಯ (ಸ್ಕ್ರೂ ಎಳೆಗಳ) ಭಾಗ ಕಣ್ಣಿನ ಕಡೆಗಿರಲಿ. ನಿಧಾನವಾಗಿ ತಿರುಗಿಸಿ. ಒಂದು ಕಡೆ ಪರದೆ ಪೂರ್ತಿ ಕಪ್ಪಾಗಬೇಕು. ಕಾಲು ಸುತ್ತು ಹೋದರೆ ಮತ್ತೆ ಬೆಳಗಬೇಕು. ಕಪ್ಪಾಗದಿದ್ದರೆ ಅದು ಪೋಲರೈಸರ್ ಅಲ್ಲ. ಕಪ್ಪಾಗುವ ಬದಲು ಮಾಸಲು ಕಂದು ಅಥವಾ ನೇರಳೆ ಆದರೆ ಒಳಗಿನ ಪದರ ಹಳೆಯದಾಗಿ ಸೋತಿದೆ. ಮೊಬೈಲ್ ಪರದೆ ಇದಕ್ಕೆ ಬೇಡ. ತಂಪು ಕನ್ನಡಕ ಹಾಕಿಕೊಂಡರೂ ಕಾಣಲಿ ಅಂತ ಕೆಲವು ಮೊಬೈಲ್‌ಗಳ ಪರದೆಯ ಮೇಲೆ ಬೇರೊಂದು ಪದರ ಇರುತ್ತದೆ. ಅದು ಪರೀಕ್ಷೆಯನ್ನೇ ದಾರಿ ತಪ್ಪಿಸುತ್ತದೆ.

ಪೋಲರೈಸರ್‌ನಲ್ಲಿ ಎರಡು ಬಗೆ, ಯಾವ ಕ್ಯಾಮೆರಾಕ್ಕೆ ಯಾವುದು ಅಂತ ಮುಂದೆ ಮೀಟರ್ ವಿಚಾರದಲ್ಲಿ ಬರುತ್ತದೆ. ಈಗ ನಿಮ್ಮದು ಲೀನಿಯರಾ, ಸರ್ಕ್ಯುಲರಾ ಅಂತ ನೋಡಬೇಕು. ಕನ್ನಡಿ ಮುಂದೆ ನಿಲ್ಲಿ. ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿನ ಮುಂದೆ ಫಿಲ್ಟರ್ ಹಿಡಿದು, ಅದರೊಳಗಿಂದಲೇ ಕನ್ನಡಿಯಲ್ಲಿ ಫಿಲ್ಟರ್‌ನ ಬಿಂಬ ನೋಡಿ. ಚೂಡಿಯ ಭಾಗ ಕನ್ನಡಿಯ ಕಡೆಗಿದ್ದಾಗ ಬಿಂಬ ಕಪ್ಪಾಗಿ, ನಿಮ್ಮ ಕಣ್ಣೇ ಕಾಣದಂತಾದರೆ ಅದು ಸರ್ಕ್ಯುಲರ್. ಮಗುಚಿ ಹಿಡಿದರೆ ಕಣ್ಣು ಕಾಣುತ್ತದೆ. ಎರಡು ಕಡೆಯಿಂದಲೂ ಕಣ್ಣು ಸ್ಪಷ್ಟವಾಗಿ ಕಂಡರೆ ಲೀನಿಯರ್. ಸರ್ಕ್ಯುಲರ್ ಫಿಲ್ಟರ್ ಅಂದರೆ ಮುಂದೆ ಲೀನಿಯರ್ ಪದರ, ಅದರ ಹಿಂದೆ ಬೆಳಕನ್ನು ಸುರುಳಿಯಾಗಿ ತಿರುಗಿಸುವ ಇನ್ನೊಂದು ಪದರ. ಅದಕ್ಕೇ ಅದಕ್ಕೆ ಮುಂದು, ಹಿಂದು ಅಂತ ಇದೆ. ಉಂಗುರ ಬಿಚ್ಚಿ ಗಾಜನ್ನು ಮಗುಚಿ ಕೂರಿಸಿದ ಸೆಕೆಂಡ್ ಹ್ಯಾಂಡ್ ಫಿಲ್ಟರ್‌ಗಳೂ ಸಿಗುತ್ತವೆ. ಅವನ್ನು ಎಷ್ಟು ತಿರುಗಿಸಿದರೂ ಆಕಾಶ ಬದಲಾಗುವುದಿಲ್ಲ. ಕನ್ನಡಿ ಪರೀಕ್ಷೆಯಲ್ಲಿ ಉಲ್ಟಾ ಫಲಿತಾಂಶ ಬಂದರೆ ಇದೇ ಕಾರಣ.

ಆಕಾಶ ನೀಲಿಯಾಗಿಲ್ಲ: ಸೂರ್ಯ ಎಲ್ಲಿದ್ದ?

ಅತಿ ಹೆಚ್ಚು ದೂರು ಬರುವುದು ಇದರ ಬಗ್ಗೆ. ಹಾಗಾಗಿ ಇಲ್ಲಿ ಸ್ವಲ್ಪ ನಿಂತು ನೋಡೋಣ.

ಸೂರ್ಯನಿಂದ ನೇರವಾಗಿ ಬರುವ ಬೆಳಕು ಪೋಲರೈಸ್ ಆಗಿರುವುದಿಲ್ಲ. ಗಾಳಿಯ ಕಣಗಳಿಗೆ ತಾಗಿ ಚದುರಿದಾಗ ಆಗುತ್ತದೆ. ಆಕಾಶ ನೀಲಿ ಕಾಣುವುದೂ ಇದೇ ಚದುರುವಿಕೆಯಿಂದ. ಲಾರ್ಡ್ ರೇಲೀ ಇದನ್ನು 1871ರಲ್ಲಿ ವಿವರಿಸಿದರು. ಸೂರ್ಯನಿಗೆ 90 ಡಿಗ್ರಿಯಲ್ಲಿರುವ ಆಕಾಶದ ಪಟ್ಟಿಯಲ್ಲಿ ಪೋಲರೈಸೇಶನ್ ಅತಿ ಹೆಚ್ಚು. ಸೂರ್ಯನ ಅಕ್ಕಪಕ್ಕ, ಮತ್ತೆ ಸೂರ್ಯನಿಗೆ ಬೆನ್ನು ಹಾಕಿದಾಗ ಎದುರಿಗೆ ಬರುವ ಆಕಾಶದಲ್ಲಿ ಬಹುತೇಕ ಇಲ್ಲ. ಇಲ್ಲದ್ದನ್ನು ಯಾವ ದುಬಾರಿ ಫಿಲ್ಟರೂ ಕತ್ತರಿಸಲಾರದು.

ಪಟ್ಟಿ ಹುಡುಕುವುದು ಸುಲಭ. ತೋರುಬೆರಳನ್ನು ಸೂರ್ಯನ ಕಡೆ ಚಾಚಿ. ಹೆಬ್ಬೆರಳನ್ನು ಅದಕ್ಕೆ ಅಡ್ಡವಾಗಿ ನಿಲ್ಲಿಸಿ. ತೋರುಬೆರಳು ಕದಲದಂತೆ ಮಣಿಕಟ್ಟು ತಿರುಗಿಸಿ. ಹೆಬ್ಬೆರಳು ಎಲ್ಲೆಲ್ಲಿ ತೋರಿಸುತ್ತದೋ ಅಲ್ಲೆಲ್ಲ ಆಕಾಶ ಗಾಢವಾಗುತ್ತದೆ. ಕ್ಯಾಮೆರಾ ಬ್ಯಾಗ್ ತೆರೆಯುವ ಮೊದಲೇ ಇದನ್ನು ಮಾಡಿ.

ಗೇಟ್‌ವೇ ಆಫ್ ಇಂಡಿಯಾ ಬಳಿ ಬೆಳಿಗ್ಗೆ ಹೋದವರ ಕಥೆ ನೋಡಿ. ಗೇಟ್‌ವೇ ಕಮಾನಿನಾಚೆ ಕಡಲು ಬರುವಂತೆ ನಿಂತರೆ ಮುಖ ಪೂರ್ವಕ್ಕೆ, ಸೂರ್ಯ ಎದುರಿಗೆ. ಆಕಾಶ ಬಿಳಿ. ಸರಿ ಅಂತ ತಿರುಗಿ ತಾಜ್ ಹೋಟೆಲ್ ತೆಗೆದರೆ ಸೂರ್ಯ ಬೆನ್ನಿಗೆ. ಮತ್ತೆ ಆಕಾಶ ಬಿಳಿ. ಜಾಗ ಒಂದೇ, ಎರಡೂ ದಿಕ್ಕು ವ್ಯರ್ಥ. ಅದೇ ಅಪೋಲೋ ಬಂದರ್ ದಂಡೆಯ ಉದ್ದಕ್ಕೆ, ಅಂದರೆ ಉತ್ತರಕ್ಕೋ ದಕ್ಷಿಣಕ್ಕೋ ಮುಖ ಮಾಡಿ ಕಟ್ಟಡವನ್ನು ಬದಿಯಿಂದ ತೆಗೆಯಿರಿ. ಫಿಲ್ಟರ್ ತಿರುಗಿಸುತ್ತಿದ್ದಂತೆ ಆಕಾಶ ಗಾಢವಾಗುವುದು ವ್ಯೂಫೈಂಡರ್‌ನಲ್ಲೇ ಕಾಣುತ್ತದೆ.

ಮರೀನ್ ಡ್ರೈವ್‌ನಲ್ಲೂ ಹಾಗೇ. ಸಂಜೆ ಕಡಲ ಕಡೆ ಮುಖ ಮಾಡಿದರೆ ಸೂರ್ಯನೇ ಎದುರಿಗೆ. ಪೋಲರೈಸರ್ ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ, ಸುಮ್ನೆ ಎರಡು ಸ್ಟಾಪ್ (ಒಂದು ಸ್ಟಾಪ್ ಕಮ್ಮಿಯಾದರೆ ಬೆಳಕು ಅರ್ಧ) ಬೆಳಕು ಯಾಕೆ ಕಳೆದುಕೊಳ್ಳಬೇಕು? ಚಳಿಗಾಲದಲ್ಲಿ ಸೂರ್ಯ ನೈಋತ್ಯದ ಕಡೆ ವಾಲಿ ಮುಳುಗುತ್ತಾನೆ. ಆಗ ನರಿಮನ್ ಪಾಯಿಂಟ್ ತುದಿಯಲ್ಲಿ ನಿಂತು ಚೌಪಾಟಿ, ಮಲಬಾರ್ ಹಿಲ್ ಕಡೆ ನೋಡಿದರೆ ಕೋನ ಸರಿಯಾಗಿ ಕೂರುತ್ತದೆ. ಗೋವಾದ ಕಡಲತೀರಗಳಿಗೂ ಇದೇ ಸೂತ್ರ. ತೀರ ಉತ್ತರದಿಂದ ದಕ್ಷಿಣಕ್ಕೆ ಚಾಚಿದೆ, ಸೂರ್ಯ ಪಶ್ಚಿಮಕ್ಕೆ ಇಳಿಯುತ್ತಾನೆ. ಮರಳಿನ ಉದ್ದಕ್ಕೆ ನೋಡಿ ತೆಂಗಿನ ಮರಗಳನ್ನು ತೆಗೆದರೆ ಆಕಾಶ ಕೈಗೆ ಸಿಗುತ್ತದೆ. ನೀರಿನ ಕಡೆ ತಿರುಗಿದರೆ ಇಲ್ಲ.

ಮಧ್ಯಾಹ್ನದ ಸಮಸ್ಯೆ ಬೇರೆ. ಮೇ ತಿಂಗಳ ನಡುವೆ ಮುಂಬೈಯಲ್ಲಿ ಹನ್ನೆರಡೂವರೆಯ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಆಗ 90 ಡಿಗ್ರಿ ಪಟ್ಟಿ ಇಳಿದು ದಿಗಂತದ ಸುತ್ತ ಮಲಗುತ್ತದೆ. ಅಲ್ಲೋ ಧೂಳು, ಹಬೆ, ಹೊಗೆ. ದೊಡ್ಡ ಕಣಗಳಿಗೆ ಬೆಳಕು ಮತ್ತೆ ಮತ್ತೆ ತಾಗಿ ಚದುರಿದರೆ ಪೋಲರೈಸೇಶನ್ ಕಲಸಿಹೋಗುತ್ತದೆ. ಮೋಡ ಕವಿದ ಆಕಾಶವೂ ಅಷ್ಟೇ. ಡಿಸೆಂಬರ್, ಜನವರಿಯ ಮುಂಬೈ ಮಬ್ಬಿನಲ್ಲಿ ಫಿಲ್ಟರ್ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ನನ್ನ ಮಟ್ಟಿಗೆ ಈ ಕಡೆ ಪೋಲರೈಸರ್‌ಗೆ ಒಳ್ಳೆಯ ಕಾಲ ಅಂದರೆ ಮಳೆ ಹಿಂದೆ ಸರಿದ ಅಕ್ಟೋಬರ್. ಗಾಳಿ ತೊಳೆದಿರುತ್ತದೆ. ಪುಣೆಯವರು ಆಗ ಸಿಂಹಗಡ ಹತ್ತಲಿ, ಬೆಳಿಗ್ಗೆ ಹೊತ್ತಾಗುವ ಮೊದಲು.

ಹಾಗಂತ ಮಳೆಗಾಲದಲ್ಲಿ ಮೂಲೆಗೆ ಇಡಬೇಡಿ. ಮೋಡದ ದಿನ ಆಕಾಶ ಬದಲಾಗುವುದಿಲ್ಲ, ಆದರೆ ಒದ್ದೆ ಎಲೆಯ ಮೇಲಿನ ಬಿಳಿ ಹೊಳಪು ಹೋಗುತ್ತದೆ. ಲೋಣಾವಳದ ಹಸಿರು, ಕಾಸ್ ಪ್ರಸ್ಥಭೂಮಿಯ ಹೂ, ಗೋವಾದ ಒದ್ದೆ ಜಂಬಿಟ್ಟಿಗೆ ಗೋಡೆ ಇವೆಲ್ಲ ಆಗ ತಮ್ಮ ನಿಜವಾದ ಬಣ್ಣಕ್ಕೆ ಬರುತ್ತವೆ. ಪೋಲರೈಸರ್‌ನ ಈ ಉಪಯೋಗ ಆಕಾಶಕ್ಕಿಂತ ದೊಡ್ಡದು ಅಂತ ನಾನು ನಂಬುತ್ತೇನೆ. ಒಂದೇ ಎಚ್ಚರಿಕೆ: ಕಾಮನಬಿಲ್ಲು ಬಂದರೆ ಫಿಲ್ಟರನ್ನು ನೋಡಿ ತಿರುಗಿಸಿ. ಅದರ ಬೆಳಕೂ ಪೋಲರೈಸ್ ಆಗಿರುತ್ತದೆ. ತಪ್ಪು ಕಡೆ ತಿರುಗಿದರೆ ಬಿಲ್ಲೇ ಮಾಯ.

ಅರ್ಧ ನೀಲಿ, ಅರ್ಧ ಬಿಳಿ

ಇದು ದೋಷವಲ್ಲ, ಲೆನ್ಸ್‌ನ ಅಗಲ. 24 ಎಂಎಂ ಲೆನ್ಸ್ ಅಡ್ಡಕ್ಕೆ ಸುಮಾರು 74 ಡಿಗ್ರಿ ನೋಡುತ್ತದೆ. ಅಷ್ಟು ಅಗಲದಲ್ಲಿ ಗಾಢ ಪಟ್ಟಿಯೂ ಬರುತ್ತದೆ, ಪೋಲರೈಸ್ ಆಗದ ಭಾಗವೂ ಬರುತ್ತದೆ. ನಡುವೆ ಕಡುನೀಲಿ ಕಲೆ, ಬದಿಗೆ ಬಿಳುಪು. 35 ಎಂಎಂ, 50 ಎಂಎಂ ಲೆನ್ಸ್‌ಗೆ ಬಂದರೆ ಕಾಟ ಬಹಳ ಕಮ್ಮಿ. 28ಕ್ಕಿಂತ ಅಗಲವಾದ ಲೆನ್ಸ್ ಬೇಕೇ ಬೇಕು ಅಂದರೆ ಆಕಾಶವನ್ನು ಫ್ರೇಮಿನಲ್ಲಿ ಕಮ್ಮಿ ಇಡಿ, ಇಲ್ಲವೇ ಫಿಲ್ಟರನ್ನು ಪೂರ್ತಿ ತಿರುಗಿಸದೆ ಅರ್ಧದಲ್ಲೇ ಬಿಡಿ. ವೆಲ್ವಿಯಾ 50ನಂಥ ಗಾಢ ಬಣ್ಣದ ಫಿಲ್ಮ್‌ನಲ್ಲಂತೂ ಅರ್ಧ ತಿರುಗಿಸಿದರೇ ಚೆಂದ. ಪೂರ್ತಿ ಹೋದರೆ ಆಕಾಶ ಕಪ್ಪಿಗೆ ತಿರುಗುತ್ತದೆ.

ರೋಲ್ ಪೂರ್ತಿ ತೆಳು, ಇಲ್ಲವೇ ಪೂರ್ತಿ ದಟ್ಟ: ಮೀಟರ್ ವಿಚಾರ

ಪೋಲರೈಸರ್ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ. ಆ ಲೆಕ್ಕವನ್ನು ಯಾರು ಹಾಕುತ್ತಾರೆ, ಕ್ಯಾಮೆರಾನಾ, ನೀವಾ? ಉತ್ತರ ಕ್ಯಾಮೆರಾದಿಂದ ಕ್ಯಾಮೆರಾಕ್ಕೆ ಬೇರೆ.

ಲೆನ್ಸ್ ಒಳಗಿಂದಲೇ ಬೆಳಕು ಅಳೆಯುವ ಎಸ್‌ಎಲ್‌ಆರ್‌ಗಳಲ್ಲಿ (ಒಳಗಿನ ಕನ್ನಡಿಯ ಮೂಲಕ ಲೆನ್ಸ್ ಕಂಡದ್ದನ್ನೇ ತೋರಿಸುವ ಕ್ಯಾಮೆರಾಗಳಲ್ಲಿ) ಕ್ಯಾಮೆರಾನೇ ಹಾಕುತ್ತದೆ. ಕೆ1000, ನಿಕಾನ್ ಎಫ್‌ಎಂ2, ಒಲಿಂಪಸ್ ಓಎಂ-1, ಕ್ಯಾನನ್ ಎಇ-1, ಮಿನೋಲ್ಟಾ ಎಕ್ಸ್-700 ಎಲ್ಲ ಈ ಗುಂಪು. ಇವುಗಳಲ್ಲಿ ಕೆಲವರು ಮೀಟರನ್ನೂ ನಂಬಿ, ಮೇಲಿಂದ ಐಎಸ್‌ಒ (ಫಿಲ್ಮ್‌ನ ವೇಗದ) ಡಯಲನ್ನೂ ಇಳಿಸುತ್ತಾರೆ. ಲೆಕ್ಕ ಎರಡು ಸಲ ಬೀಳುತ್ತದೆ, ನೆಗೆಟಿವ್ ಎರಡು ಸ್ಟಾಪ್ ದಟ್ಟವಾಗುತ್ತದೆ. ಕಲರ್ ನೆಗೆಟಿವ್ ಅದನ್ನು ತಾಳಿಕೊಳ್ಳುತ್ತದೆ, ಸ್ಲೈಡ್ ಬಿಳಿಚಿಕೊಳ್ಳುತ್ತದೆ.

ಇದೇ ಕ್ಯಾಮೆರಾಗಳಿಗೆ ಲೀನಿಯರ್ ಫಿಲ್ಟರ್ ಸಾಕು. ಇವುಗಳ ಮೀಟರ್ ಮೇಲೆ ಪ್ರಿಸಂ ಹತ್ತಿರ ಕೂತಿರುತ್ತದೆ, ಕನ್ನಡಿ ಮಾಮೂಲಿ ಕನ್ನಡಿ. ಸರ್ಕ್ಯುಲರ್ ಬೇಕಾಗುವುದು ಬೆಳಕನ್ನು ಒಡೆಯುವ ಅರೆಗನ್ನಡಿ ಇರುವ ಕಡೆ. ಕ್ಯಾನನ್ ಎಫ್-1, ನಿಕಾನ್ ಎಫ್3, ಒಲಿಂಪಸ್ ಓಎಂ-4 ಹೀಗಿವೆ. 1985ರ ಮಿನೋಲ್ಟಾ 7000, 1987ರ ಕ್ಯಾನನ್ ಈಓಎಸ್ 650 ಮೊದಲಾದ ಆಟೋಫೋಕಸ್ ಎಸ್‌ಎಲ್‌ಆರ್‌ಗಳೂ ಹೀಗೇ. ಲೀನಿಯರ್ ಬೆಳಕು ಅರೆಗನ್ನಡಿಗೆ ಬಿದ್ದರೆ, ಅದು ಯಾವ ಕೋನದಲ್ಲಿದೆ ಅನ್ನುವುದರ ಮೇಲೆ ಮೀಟರ್‌ಗೆ ಹೋಗುವ ಪಾಲು ಏರಿಳಿಯುತ್ತದೆ.

ನಿಮ್ಮ ಕ್ಯಾಮೆರಾ ಯಾವ ಗುಂಪು ಅಂತ ಗೊತ್ತಿಲ್ಲವಾ? ನೆರಳಿನಲ್ಲಿರುವ, ಹೊಳಪಿಲ್ಲದ ಸುಣ್ಣದ ಗೋಡೆಗೆ ಕ್ಯಾಮೆರಾ ನೇರವಾಗಿ ಹಿಡಿಯಿರಿ. ಮೀಟರ್ ನೋಡುತ್ತಾ ಫಿಲ್ಟರನ್ನು ಅರ್ಧ ಸುತ್ತು ತಿರುಗಿಸಿ. ಸೂಜಿ ಕದಲದಿದ್ದರೆ ಜೋಡಿ ಸರಿಯಿದೆ. ತಿರುಗಿಸಿದಂತೆ ಸೂಜಿ ಏರಿ ಇಳಿದರೆ ಈ ಕ್ಯಾಮೆರಾಕ್ಕೆ ಈ ಫಿಲ್ಟರ್ ಹೊಂದುವುದಿಲ್ಲ. ಅಲ್ಲೇ ಇನ್ನೊಂದು ಕೆಲಸ ಮುಗಿಸಿ. ಫಿಲ್ಟರ್ ಬಿಚ್ಚಿ ಒಂದು ರೀಡಿಂಗ್, ಹಾಕಿ ಒಂದು ರೀಡಿಂಗ್ ತಗೊಳ್ಳಿ. ನಡುವಿನ ಅಂತರವೇ ನಿಮ್ಮ ಫಿಲ್ಟರ್‌ನ ನಿಜವಾದ ಅಂಕೆ. ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿ ಬರೆದಿಡಿ.

ಆ ಅಂಕೆ ಆಮೇಲೆ ಬಹಳ ಕೆಲಸಕ್ಕೆ ಬರುತ್ತದೆ. ಆಕಾಶವೇ ತುಂಬಿದ ಫ್ರೇಮಿನಲ್ಲಿ ಮೀಟರ್ ಏನು ಮಾಡುತ್ತದೆ ಗೊತ್ತಾ? ನೀವು ಗಾಢ ಮಾಡಿದ ಆಕಾಶ ನೋಡಿ "ಬೆಳಕು ಸಾಲದು" ಅಂತ ಎಕ್ಸ್‌ಪೋಶರ್ ಏರಿಸುತ್ತದೆ. ಆಕಾಶ ಮತ್ತೆ ತೆಳುವಾಗುತ್ತದೆ. ಹಾಗಾಗಿ ಫಿಲ್ಟರ್ ಇಲ್ಲದೆ ನೆಲದ ಮೇಲಿನ ಬಿಸಿಲಿಗೆ ರೀಡಿಂಗ್ ತಗೊಂಡು, ನಿಮ್ಮ ಅಂಕೆ ಸೇರಿಸಿ, ಮ್ಯಾನುಯಲ್‌ನಲ್ಲಿ ಇಟ್ಟು ಹೊಡೆಯಿರಿ. ಮೀಟರ್ ಸತ್ತಿದ್ದರೂ ಚಿಂತೆಯಿಲ್ಲ. ಒಳ್ಳೆಯ ಬಿಸಿಲಿನಲ್ಲಿ ಐಎಸ್‌ಒ 200 ಫಿಲ್ಮ್‌ಗೆ 1/250, ಎಫ್/16 ಸರಿಯಲ್ವಾ? ಎರಡು ಸ್ಟಾಪಿನ ಪೋಲರೈಸರ್ ಹಾಕಿದರೆ 1/250, ಎಫ್/8.

ರೇಂಜ್‌ಫೈಂಡರ್‌ನವರು ಸ್ವಲ್ಪ ಹೆಚ್ಚು ಜಾಗ್ರತೆ ವಹಿಸಬೇಕು. ಯಾಶಿಕಾ ಎಲೆಕ್ಟ್ರೋ 35ರ ಮೀಟರ್ ಕಣ್ಣು ಬಾಡಿಯ ಮುಂಭಾಗದಲ್ಲಿದೆ, ಲೆನ್ಸ್ ಮೇಲಲ್ಲ. ಲೆನ್ಸ್ ಮೇಲೆ ಏನು ಹಾಕಿದ್ದೀರಿ ಅಂತ ಅದಕ್ಕೆ ಗೊತ್ತೇ ಆಗುವುದಿಲ್ಲ. ಎರಡು ಸ್ಟಾಪ್ ತೆಳು ನೆಗೆಟಿವ್ ಖಂಡಿತ. 400 ಫಿಲ್ಮ್ ಹಾಕಿದ್ದರೆ ಪೋಲರೈಸರ್ ಇರುವಷ್ಟು ಹೊತ್ತು ಎಎಸ್‌ಎ (ಅಂದರೆ ಐಎಸ್‌ಒ) ಡಯಲನ್ನು 100ಕ್ಕೆ ಇಡಿ. ಬಿಚ್ಚಿದ ಕೂಡಲೇ 400ಕ್ಕೆ ವಾಪಸ್. ಕ್ಯಾನೊನೆಟ್ ಕ್ಯೂಎಲ್17 ಜಿ3ನಲ್ಲಿ ಮೀಟರ್ ಕಣ್ಣು ಲೆನ್ಸ್‌ನ ಉಂಗುರದೊಳಗೇ ಇದೆ. ಫಿಲ್ಟರ್ ಅದನ್ನೂ ಮುಚ್ಚುತ್ತದೆ, ಲೆಕ್ಕ ತಾನಾಗಿಯೇ ಸರಿಹೋಗುತ್ತದೆ.

ಇವುಗಳಲ್ಲಿ ಇನ್ನೊಂದು ತೊಡಕು: ವ್ಯೂಫೈಂಡರ್ ಲೆನ್ಸ್ ಒಳಗಿಂದ ನೋಡುವುದಿಲ್ಲ, ಹಾಗಾಗಿ ಪರಿಣಾಮ ಕಾಣುವುದಿಲ್ಲ. ಫಿಲ್ಟರ್ ಅಂಚಿನ ಮೇಲೆ ಒಂದು ಬಿಳಿ ಚುಕ್ಕೆ ಇಡಿ. ಕಣ್ಣಿಗೆ ಹಿಡಿದು, ತಿರುಗಿಸಿ, ಬೇಕಾದ ಪರಿಣಾಮ ಬಂದಾಗ ಚುಕ್ಕೆ ಗಡಿಯಾರದ ಯಾವ ಗಂಟೆಯ ಜಾಗದಲ್ಲಿದೆ ನೋಡಿಕೊಳ್ಳಿ. ಮುಂಭಾಗ ಹೊರಗಡೆಗೇ ಇರಲಿ. ಲೆನ್ಸ್‌ಗೆ ಹಾಕಿದ ಮೇಲೆ, ಕ್ಯಾಮೆರಾ ಹಿಂದಿನಿಂದ ನೋಡಿದಾಗ ಚುಕ್ಕೆ ಅದೇ ಗಂಟೆಗೆ ಬರುವಂತೆ ತಿರುಗಿಸಿ. ಯಾಶಿಕಾ-ಮ್ಯಾಟ್‌ನಂಥ ಎರಡು ಲೆನ್ಸಿನ ಕ್ಯಾಮೆರಾದಲ್ಲಿ ಮೇಲಿನ ಲೆನ್ಸ್ ಮುಂದೆ ಹಿಡಿದು ನೋಡಿ, ಆಮೇಲೆ ಕೆಳಗಿನದಕ್ಕೆ ಅದೇ ಕೋನದಲ್ಲಿ ಕೂರಿಸಿ.

ನೀರಿನ ಹೊಳಪು, ಗಾಜಿನ ಬಿಂಬ ಹೋಗಲಿಲ್ಲ

ಇಲ್ಲಿ ಸೂರ್ಯನಿಗಿಂತ ನಿಮ್ಮ ನೋಟದ ಕೋನ ಮುಖ್ಯ. ನೀರಿನ ಮೇಲ್ಮೈಯಿಂದ ಸುಮಾರು 37 ಡಿಗ್ರಿ ಮೇಲಿಂದ ನೋಡಿದಾಗ ಹೊಳಪು ಪೂರ್ತಿ ಪೋಲರೈಸ್ ಆಗಿರುತ್ತದೆ. ಗಾಜಿಗೆ ಅದು ಸುಮಾರು 34 ಡಿಗ್ರಿ. ಅಂಗಡಿಯ ಗಾಜಿನ ಎದುರು ನೇರವಾಗಿ ನಿಂತರೆ ನಿಮ್ಮ ಬಿಂಬ ಹೋಗುವುದೇ ಇಲ್ಲ. ಬದಿಗೆ ಸರಿದು ಓರೆಯಾಗಿ ನೋಡಿ, ತಿರುಗಿಸಿ, ಆಗ ಕರಗುತ್ತದೆ.

ಈ ಕೋನದ ಬಲ ಎಷ್ಟು ಅನ್ನುವುದಕ್ಕೆ ಮುಂಬೈಗೆ ಸೇರಿದ ಒಂದು ಸಂಗತಿ ಇದೆ. ಕಡಲಿನ ನೀಲಿ ಬರೀ ಆಕಾಶದ ಪ್ರತಿಬಿಂಬ ಅಂತ ರೇಲೀ ಹೇಳಿದ್ದರು. 1921ರಲ್ಲಿ ಸಿ.ವಿ. ರಾಮನ್ ಎಸ್.ಎಸ್. ನಾರ್ಕುಂಡಾ ಹಡಗಿನಲ್ಲಿ ಯುರೋಪಿನಿಂದ ವಾಪಸ್ ಬರುತ್ತಿದ್ದರು. ಕೈಯಲ್ಲಿ ನಿಕೋಲ್ ಪ್ರಿಸಂ, ಅಂದರೆ ಆ ಕಾಲದ ಪೋಲರೈಸರ್. ಸರಿಯಾದ ಕೋನದಲ್ಲಿ ಅದರೊಳಗಿಂದ ಕಡಲನ್ನು ನೋಡಿ ಮೇಲಿನ ಪ್ರತಿಬಿಂಬವನ್ನು ಅಳಿಸಿದರು. ನೀಲಿ ಹೋಗಲಿಲ್ಲ, ಇನ್ನೂ ಗಾಢವಾಗಿ ಉಳಿಯಿತು. ಅಂದರೆ ಬಣ್ಣ ನೀರಿನದೇ. ಆ ಸೆಪ್ಟೆಂಬರ್‌ನಲ್ಲಿ ಬಾಂಬೆ ಬಂದರಿನಿಂದಲೇ 'ನೇಚರ್' ಪತ್ರಿಕೆಗೆ ಬರೆದು ಕಳಿಸಿದರು. ಮುಂದೆ ಬೆಂಗಳೂರನ್ನೇ ಮನೆ ಮಾಡಿಕೊಂಡ ರಾಮನ್ ಹಡಗಿನ ಕಟಕಟೆ ಹಿಡಿದು ಮಾಡಿದ್ದನ್ನೇ ನಾವು ಬಾಂದ್ರಾ ಬ್ಯಾಂಡ್‌ಸ್ಟ್ಯಾಂಡ್‌ನ ಬಂಡೆಗಳ ನಡುವಿನ ನೀರಿಗೆ ಮಾಡಬಹುದು. ಇಳಿತದ ಹೊತ್ತಿಗೆ ಹೋಗಿ. ಫಿಲ್ಟರ್ ತಿರುಗುತ್ತಿದ್ದಂತೆ ಬಿಳಿ ಹೊಳಪು ಜಾರಿ, ತಳದ ಕಲ್ಲು, ಪಾಚಿ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ.

ಲೋಹದ ಹೊಳಪು ಮಾತ್ರ ಹೋಗುವುದಿಲ್ಲ. ಮಾಟುಂಗದ ಉಡುಪಿ ಹೋಟೆಲಿನಲ್ಲಿ ಕಾಫಿಯ ಸ್ಟೀಲ್ ಲೋಟ ತೆಗೆಯುತ್ತಿದ್ದೀರಾ? ಫಿಲ್ಟರ್ ಎಷ್ಟು ತಿರುಗಿಸಿದರೂ ಅದು ಹೊಳೆಯುತ್ತಲೇ ಇರುತ್ತದೆ. ಲೋಹದಿಂದ ಪುಟಿದ ಬೆಳಕು ಹಾಗೆ ಪೋಲರೈಸ್ ಆಗುವುದಿಲ್ಲ. ಅದೇ ಮೇಜಿನ ಪಾಲಿಶ್, ಮೇಲೆ ಹಾಕಿದ ಗಾಜು, ಗೋಡೆಯ ದೇವರ ಪಟದ ಗಾಜು ಇವೆಲ್ಲ ಮಾತು ಕೇಳುತ್ತವೆ.

ರೈಲಿನ ಕಿಟಕಿಯಲ್ಲಿ ಬಣ್ಣದ ಮಚ್ಚೆಗಳು ಬಂದವು ಅನ್ನುವುದು ಇನ್ನೊಂದು ದೂರು. ಮುಂಬೈ–ಮಡಗಾಂವ್ ಜನಶತಾಬ್ದಿಯ ವಿಸ್ಟಾಡೋಮ್ ಬೋಗಿಯಲ್ಲಿ ಕೂತು ಘಟ್ಟ ತೆಗೆಯುವವರಿಗೆ ಇದು ಎದುರಾಗಬಹುದು. ಗಟ್ಟಿ ಮಾಡಿದ ಗಾಜಿನೊಳಗಿನ ಒತ್ತಡ ಪೋಲರೈಸರ್‌ನಲ್ಲಿ ಮಚ್ಚೆ, ಪಟ್ಟೆಗಳಾಗಿ ಕಾಣುತ್ತದೆ. ವಿಮಾನದ ಕಿಟಕಿಯಲ್ಲಿ ಕಾಮನಬಿಲ್ಲಿನ ಬಣ್ಣ ಬರುವುದೂ ಇದಕ್ಕೇ. ತಿರುಗಿಸಿ ಗುಣವಾಗುವುದಿಲ್ಲ. ಫಿಲ್ಟರ್ ಬಿಚ್ಚಿ, ಲೆನ್ಸನ್ನು ಗಾಜಿಗೆ ಆದಷ್ಟು ಹತ್ತಿರ ಹಿಡಿಯಿರಿ.

ಮೂಲೆ ಕತ್ತಲೆ, ಚಿತ್ರ ಅಲುಗಿದೆ, ಪರಿಣಾಮ ಜಾರಿಹೋಗಿದೆ

ಮೂಲೆ ಕತ್ತಲೆಗೆ ಕಾರಣ ಒಂದರ ಮೇಲೊಂದು ಹಾಕಿದ ಫಿಲ್ಟರ್. ಪೋಲರೈಸರ್‌ನ ಉಂಗುರ ಮೊದಲೇ ದಪ್ಪ. ಕೆಳಗಿರುವ ಯುವಿ ಫಿಲ್ಟರ್ ಬಿಚ್ಚಿ. ವ್ಯೂಫೈಂಡರ್‌ನಲ್ಲಿ ಸರಿ ಕಂಡಿತ್ತಲ್ಲ ಅಂತೀರಾ? ಬಹಳಷ್ಟು ಎಸ್‌ಎಲ್‌ಆರ್‌ಗಳ ವ್ಯೂಫೈಂಡರ್ ಫ್ರೇಮನ್ನು ಪೂರ್ತಿ ತೋರಿಸುವುದಿಲ್ಲ. ಎಫ್‌ಎಂ2ನಲ್ಲಿ ಕಾಣುವುದು ಸುಮಾರು 93 ಶೇಕಡಾ. ಕತ್ತಲೆ ಇರುವುದು ಉಳಿದ ಅಂಚಿನಲ್ಲಿ.

ಅಲುಗಿದ್ದಕ್ಕೆ ಕಾರಣ ಎರಡು ಸ್ಟಾಪ್. ನೆರಳಿನಲ್ಲಿ 1/125 ಇದ್ದದ್ದು 1/30ಕ್ಕೆ ಇಳಿದಿರುತ್ತದೆ. 400 ಫಿಲ್ಮ್ ಹಾಕಿ ಅಥವಾ ಟ್ರೈಪಾಡ್ ಒಯ್ಯಿರಿ. ಕಪ್ಪುಬಿಳುಪಿನಲ್ಲಿ ಹಳದಿ ಫಿಲ್ಟರ್ ಜೊತೆ ಹಾಕುವವರು ಹಳದಿಯ ಒಂದು ಸ್ಟಾಪ್, ಪೋಲರೈಸರ್‌ನ ಎರಡು, ಒಟ್ಟು ಮೂರು ಸ್ಟಾಪ್ ಕೊಡಬೇಕು.

ಪರಿಣಾಮ ಜಾರಿಹೋಗುವುದು ಫೋಕಸ್ ಮಾಡುವಾಗ ಮೂತಿ ತಿರುಗುವ ಲೆನ್ಸ್‌ಗಳಲ್ಲಿ. ಹಳೇ ಝೂಮ್‌ಗಳಲ್ಲಿ ಇದು ಸಾಮಾನ್ಯ. ಮೊದಲು ಫೋಕಸ್, ಆಮೇಲೆ ಫಿಲ್ಟರ್. ಕ್ಯಾಮೆರಾ ಅಡ್ಡದಿಂದ ಉದ್ದಕ್ಕೆ ತಿರುಗಿಸಿದಾಗಲೂ ಹೊಸದಾಗಿ ನೋಡಬೇಕು, ಇದನ್ನು ಬಹಳ ಜನ ಮರೆಯುತ್ತಾರೆ.

ಗಾಜೇ ಕೆಟ್ಟಿದ್ದರೆ

ಕಡಲ ದಂಡೆಯ ಊರುಗಳಲ್ಲಿ ಇದೂ ಆಗುತ್ತದೆ. ಎಡ್ವಿನ್ ಲ್ಯಾಂಡ್ 1938ರಲ್ಲಿ ಕಂಡುಹಿಡಿದ ಬಗೆಯ ಪೋಲರೈಸರ್‌ನಲ್ಲಿ ಬೆಳಕನ್ನು ಸೋಸುವುದು ಎಳೆದು ಹಿಗ್ಗಿಸಿದ ಪ್ಲಾಸ್ಟಿಕ್ ಪದರ ಮತ್ತು ಅದಕ್ಕೆ ಉಣಿಸಿದ ಅಯೋಡಿನ್. ಅದನ್ನು ಎರಡು ಗಾಜುಗಳ ನಡುವೆ ಅಂಟಿಸುತ್ತಾರೆ. ತೇವ ಮತ್ತು ಶಾಖ ಎರಡೂ ಅದಕ್ಕೆ ಆಗದು. ಅಂಚಿನಲ್ಲಿ ಗುಳ್ಳೆ, ಎಣ್ಣೆ ಹರಡಿದಂಥ ಬಣ್ಣ, ಬಳ್ಳಿಯಂಥ ಬಿಳಿ ಎಳೆ ಕಂಡರೆ ಪದರ ಬಿಟ್ಟಿದೆ ಅಥವಾ ಬೂಷ್ಟು ಹಿಡಿದಿದೆ ಅಂತ ಅರ್ಥ. ಹೊರಗಿನ ಬೂಷ್ಟಾದರೆ ಲೆನ್ಸ್ ಕ್ಲೀನರ್‌ನಲ್ಲಿ ಹೋಗಬಹುದು. ಒಳಗಿನದು ಹೋಗುವುದಿಲ್ಲ, ಅದನ್ನು ಒಳ್ಳೆಯ ಲೆನ್ಸ್‌ಗಳ ಪಕ್ಕದಲ್ಲಿ ಇಡಲೂಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಗೋವಾ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ.

ಲೆನ್ಸ್‌ಗೆ ಕಚ್ಚಿಕೊಂಡು ಬಿಚ್ಚದಿದ್ದರೆ ಇಕ್ಕಳ ಮುಟ್ಟಬೇಡಿ. ಬೆರಳಿನಿಂದ ಹಿಂಡಿದಷ್ಟೂ ಉಂಗುರ ಅಂಡಾಕಾರವಾಗಿ ಇನ್ನೂ ಬಿಗಿಯುತ್ತದೆ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ, ಅಥವಾ ಅಗಲವಾದ ರಬ್ಬರ್ ಬ್ಯಾಂಡ್ ಸುತ್ತಿ. ಹಿಡಿಯಬೇಕಾದ್ದು ಲೆನ್ಸ್ ಕಡೆಯ ಉಂಗುರ, ಮುಂದಿನದು ಬರೀ ತಿರುಗುತ್ತದೆ. ಮೆಲ್ಲಗೆ, ಸುತ್ತಲೂ ಸಮವಾಗಿ ಒತ್ತಿ ಬಿಚ್ಚಿ. ಮತ್ತೆ ಹಾಕುವಾಗ ಬೆರಳ ತುದಿಯ ಬಿಗಿ ಸಾಕು. ಬಳಸುವಾಗ ಫಿಲ್ಟರನ್ನು ಬಿಗಿಯುವ ದಿಕ್ಕಿಗೇ ತಿರುಗಿಸುವ ರೂಢಿ ಮಾಡಿಕೊಳ್ಳಿ, ಕ್ಯಾಮೆರಾ ಹಿಂದಿನಿಂದ ನೋಡಿದರೆ ಅದು ಎಡಕ್ಕೆ. ಉಲ್ಟಾ ತಿರುಗಿಸುತ್ತಾ ಹೋದರೆ ಗೊತ್ತಾಗದಂತೆ ಸಡಿಲಾಗಿ, ಮರೀನ್ ಡ್ರೈವ್‌ನ ಟೆಟ್ರಾಪಾಡ್ ಕಲ್ಲುಗಳ ಸಂದಿಗೆ ಬೀಳುತ್ತದೆ. ಅಲ್ಲಿಂದ ತೆಗೆಯಲಾಗುವುದಿಲ್ಲ.